ಉಪಗ್ರಹ ಕಂಡ ಮಳೆ ಸುದ್ದಿ ನಮ್ಮ ಮನೆಗೆ ತಲುಪುವುದು ಹೇಗೆ?



ಟಿ.ವಿ. ವಾರ್ತೆಯ ಕೊನೆಗೆ ಭಾರತದ ನಕ್ಷೆಯ ಮೇಲೆ ಬಿಳಿ ಮೋಡ ಹರಡಿದ ಒಂದು ಚಿತ್ರ ತೋರಿಸುತ್ತಾರೆ. ಅಷ್ಟೊತ್ತಿಗೆ ನಾವು ಎದ್ದು ಅಡುಗೆಮನೆಗೆ ಹೋಗಿರುತ್ತೇವೆ. ಆದರೆ ನಮ್ಮ ಬದುಕು ನಡೆಯೋದೇ ಮಳೆಯನ್ನು ನೋಡಿಕೊಂಡು. ಬಿತ್ತನೆ, ಕೊಯ್ಲು, ಅಂಗಳದಲ್ಲಿ ಒಣಹಾಕಿದ ಅಡಿಕೆ, ಹಪ್ಪಳ, ಒಣಮೀನು ಎಲ್ಲಕ್ಕೂ ಆಕಾಶದ ಚಿಂತೆ. ಸಂಘದಿಂದ ಸಾಲ ತೆಗೆದು ಬೀಜ ಗೊಬ್ಬರ ತಂದವಳಿಗೆ ಮಳೆ ಕೈಕೊಟ್ಟರೆ ಕಂತು ಕಟ್ಟುವುದೂ ಕಷ್ಟ. ಆದ್ದರಿಂದ ಆ ಚಿತ್ರ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟು ನಂಬಬಹುದು, ನಾವೇನು ಮಾಡಬೇಕು ಎಂಬುದನ್ನು ತಿಳಿದುಕೊಳ್ಳೋಣ.

ಉಪಗ್ರಹ ಎಲ್ಲಿದೆ, ಏನು ನೋಡುತ್ತದೆ?

ಹವಾಮಾನ ನೋಡುವ ಮೊದಲ ಉಪಗ್ರಹ ಅಮೆರಿಕದ ಟೈರೋಸ್-1. ಅದನ್ನು 1960ರ ಏಪ್ರಿಲ್ 1ರಂದು ಹಾರಿಸಿದರು. ಹವಾಮಾನಕ್ಕೆಂದೇ ಭಾರತ 2002ರ ಸೆಪ್ಟೆಂಬರ್‌ನಲ್ಲಿ ಒಂದು ಉಪಗ್ರಹ ಹಾರಿಸಿತು. ಮರುವರ್ಷ ಕೊಲಂಬಿಯಾ ನೌಕೆಯ ದುರಂತದಲ್ಲಿ ತೀರಿಕೊಂಡ ಕಲ್ಪನಾ ಚಾವ್ಲಾ ಅವರ ನೆನಪಿಗೆ ಅದಕ್ಕೆ 'ಕಲ್ಪನಾ-1' ಎಂದು ಹೆಸರಿಟ್ಟರು. ಒಬ್ಬ ಹೆಣ್ಣುಮಗಳ ಹೆಸರಿನ ಆ ಉಪಗ್ರಹ ವರ್ಷಗಟ್ಟಲೆ ನಮಗೆ ಮೋಡದ ಚಿತ್ರ ಕಳಿಸಿತು. ಈಗ ಆ ಕೆಲಸ ಮಾಡುತ್ತಿರುವುದು 2016ರಲ್ಲಿ ಹಾರಿಸಿದ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿ 17ರಂದು ಶ್ರೀಹರಿಕೋಟದಿಂದ ಹಾರಿಸಿದ ಇನ್ಸಾಟ್-3ಡಿಎಸ್.

ಇವು ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಆ ಎತ್ತರದಲ್ಲಿ ಉಪಗ್ರಹಕ್ಕೆ ಒಂದು ಸುತ್ತು ಬರಲು ಒಂದು ದಿನ ಬೇಕು. ಭೂಮಿ ತನ್ನ ಸುತ್ತ ತಿರುಗುವುದಕ್ಕೂ ಅಷ್ಟೇ ಹೊತ್ತು. ಜಾತ್ರೆಯಲ್ಲಿ ತಿರುಗುವ ಕುದುರೆಗಳ ಮೇಲೆ ಅಕ್ಕಪಕ್ಕ ಕೂತ ಇಬ್ಬರು ಮಕ್ಕಳು ಎಷ್ಟು ಸುತ್ತು ಬಂದರೂ ಒಬ್ಬರ ಪಕ್ಕ ಒಬ್ಬರು ಇದ್ದೇ ಇರುತ್ತಾರಲ್ಲ, ಹಾಗೆಯೇ ಈ ಉಪಗ್ರಹಗಳು ಹಗಲೂ ರಾತ್ರಿ ನಮ್ಮ ದೇಶವನ್ನೇ ನೋಡುತ್ತಿರುತ್ತವೆ. ಒಂದೊಂದೂ ಅರ್ಧ ಗಂಟೆಗೊಂದು ಚಿತ್ರ ತೆಗೆಯುತ್ತದೆ. ಇವು ದಾರಿ ತಪ್ಪದಂತೆ ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ.

ರಾತ್ರಿ ಕತ್ತಲಲ್ಲಿ ಮೋಡ ಹೇಗೆ ಕಾಣುತ್ತದೆ ಅಂತ ಕೇಳಬಹುದು. ರೊಟ್ಟಿ ಹಂಚು ಕಾದಿದೆಯೋ ಇಲ್ಲವೋ ಎಂದು ನಾವು ಮುಟ್ಟಿ ನೋಡುವುದಿಲ್ಲ. ಅಂಗೈಯನ್ನು ಮೇಲೆ ಹಿಡಿದರೆ ಸಾಕು, ಶಾಖ ತಿಳಿಯುತ್ತದೆ. ಉಪಗ್ರಹವೂ ಮೋಡದ ನೆತ್ತಿಯಿಂದ ಬರುವ ಶಾಖವನ್ನು ಹೀಗೆ ದೂರದಿಂದಲೇ ಅಳೆಯುತ್ತದೆ. ನೆತ್ತಿ ತುಂಬಾ ತಣ್ಣಗಿದ್ದರೆ ಮೋಡ ಬಹಳ ಎತ್ತರಕ್ಕೆ ಬೆಳೆದಿದೆ, ಜೋರು ಮಳೆ ಬರಬಹುದು ಎಂದು ಲೆಕ್ಕ. ಇದಲ್ಲದೆ ಗಾಳಿಯ ಯಾವ ಎತ್ತರದಲ್ಲಿ ಎಷ್ಟು ಬಿಸಿ, ಎಷ್ಟು ತೇವ ಇದೆ ಎಂದು ತಿಳಿಯುವ ಉಪಕರಣವೂ ಇದೆ. ಸಮುದ್ರದ ನೀರಿನ ಬಿಸಿ, ಮಂಜು, ಹೊಗೆ, ಕಾಡಿನ ಬೆಂಕಿ ಇವೂ ಅದರ ಕಣ್ಣಿಗೆ ಬೀಳುತ್ತವೆ.

ಒಡಿಶಾ ಕಲಿಸಿದ ಪಾಠ

1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಭಾರಿ ಚಂಡಮಾರುತ ಅಪ್ಪಳಿಸಿತು. ಸುಮಾರು 10,000 ಜನ ಸತ್ತರು. ಆಗಲೂ ಆಕಾಶದಲ್ಲಿ ನಮ್ಮ ಉಪಗ್ರಹ ಇತ್ತು, ಚಂಡಮಾರುತ ಬರುವುದು ಕಂಡಿತ್ತು, ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದರೆ ಹಳ್ಳಿಯ ಕೊನೆಯ ಮನೆಗೆ ಸುದ್ದಿ ಸರಿಯಾಗಿ ತಲುಪಲಿಲ್ಲ. ತಲುಪಿದವರಿಗೂ ಓಡಿಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳು ತೀರಾ ಕಡಿಮೆ ಇದ್ದವು.

2013ರ ಅಕ್ಟೋಬರ್ 12ರಂದು ಅದೇ ಒಡಿಶಾಕ್ಕೆ ಫೈಲಿನ್ ಚಂಡಮಾರುತ ಬಂತು. ಈ ಸಲ ಸುಮಾರು 10 ಲಕ್ಷ ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಕರೆದೊಯ್ದಿದ್ದರು. ಸತ್ತವರ ಸಂಖ್ಯೆ 50 ದಾಟಲಿಲ್ಲ. ನಡುವಿನ 14 ವರ್ಷಗಳಲ್ಲಿ ಉಪಗ್ರಹಗಳೂ ಲೆಕ್ಕಾಚಾರವೂ ಸುಧಾರಿಸಿದ್ದವು ನಿಜ. ಅದರ ಜೊತೆಗೇ ಆಶ್ರಯ ಕಟ್ಟಡಗಳನ್ನು ಕಟ್ಟಿದರು, ಹಳ್ಳಿಯವರಿಗೆ ತರಬೇತಿ ಕೊಟ್ಟರು, ಮನೆಮನೆಗೆ ಹೋಗಿ ಹೇಳುವವರನ್ನು ತಯಾರು ಮಾಡಿದರು.

2017ರ ನವೆಂಬರ್ ಕೊನೆಗೆ ಬಂದ ಓಖಿ ಚಂಡಮಾರುತ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿತು. ಕೇರಳ ಮತ್ತು ತಮಿಳುನಾಡಿನ ಮೀನುಗಾರರು ಅದಾಗಲೇ ಆಳ ಸಮುದ್ರದಲ್ಲಿದ್ದರು. ಅಲ್ಲಿ ಮೊಬೈಲ್ ಸಿಗುವುದಿಲ್ಲ. ನೂರಾರು ಮನೆಗಳ ಗಂಡಸರು ತಿರುಗಿ ಬರಲಿಲ್ಲ. ಆಮೇಲೆ, 2019ರಲ್ಲಿ, ಉಪಗ್ರಹದ ಮೂಲಕವೇ ದೋಣಿಗೆ ಎಚ್ಚರಿಕೆ ಕಳಿಸುವ 'ಜೆಮಿನಿ' ಎಂಬ ಸಾಧನವನ್ನು ಸರ್ಕಾರ ಬಿಡುಗಡೆ ಮಾಡಿತು. ಕಾಣುವುದು ಒಂದು ಕೆಲಸ, ತಿಳಿಸುವುದು ಇನ್ನೊಂದು ಕೆಲಸ. ಎರಡೂ ಆದರೆ ಮಾತ್ರ ಜೀವ ಉಳಿಯುತ್ತದೆ.

ಉಪಗ್ರಹಕ್ಕೆ ಕಾಣದ್ದು

"ಟಿ.ವಿ.ಯಲ್ಲಿ ಮಳೆ ಅಂದ್ರು, ನಮ್ಮೂರಲ್ಲಿ ಹನಿಯೂ ಬೀಳಲಿಲ್ಲ" ಎಂದು ನಾವು ಹೇಳುವುದುಂಟು. ಅದಕ್ಕೂ ಕಾರಣ ಇದೆ. ಇನ್ಸಾಟ್ ತೆಗೆಯುವ ಶಾಖದ ಚಿತ್ರದಲ್ಲಿ 4 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಜಾಗ ಒಂದೇ ಒಂದು ಚುಕ್ಕಿ. ನಮ್ಮ ಊರು, ಹೊಲ, ಕೆರೆ ಎಲ್ಲಾ ಆ ಚುಕ್ಕಿಯೊಳಗೆ. ಜೊತೆಗೆ ಉಪಗ್ರಹ ಮೋಡದ ನೆತ್ತಿ ನೋಡಿ ಮಳೆಯನ್ನು ಅಂದಾಜು ಮಾಡುತ್ತದೆಯೇ ಹೊರತು ನೆಲಕ್ಕೆ ಬಿದ್ದ ನೀರನ್ನು ಅಳೆಯುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಬೆಟ್ಟಕ್ಕೆ ತಾಗಿದ ಕೆಳಮಟ್ಟದ ಮೋಡವೂ ಧೋ ಎಂದು ಸುರಿಯುತ್ತದೆ. ಅದರ ನೆತ್ತಿ ಅಷ್ಟು ತಣ್ಣಗಿರದ ಕಾರಣ ಅಂದಾಜು ಕಡಿಮೆ ಬರುತ್ತದೆ.

ಅದಕ್ಕೇ ನೆಲದ ಮೇಲಿನ ಮಳೆಮಾಪಕ ಬೇಕೇ ಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೂ ತಾನಾಗಿ ಅಳೆದು ಲೆಕ್ಕ ಕಳಿಸುವ ಮಳೆಮಾಪಕಗಳನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹಾಕಿದೆ. ಅದನ್ನು ಕಲ್ಲು ಹೊಡೆದು ಹಾಳು ಮಾಡದಂತೆ, ಮೇಲೆ ಬಳ್ಳಿ ಹಬ್ಬದಂತೆ ನೋಡಿಕೊಳ್ಳುವುದು ಊರಿನವರ ಕೆಲಸ.

ಈಗ ಇನ್ನೂ ಒಂದು ಹೊಸ ಕಣ್ಣು ಸೇರಿದೆ. ಭಾರತ ಮತ್ತು ಅಮೆರಿಕ ಸೇರಿ ಮಾಡಿದ 'ನಿಸಾರ್' ಉಪಗ್ರಹವನ್ನು 2025ರ ಜುಲೈ 30ರಂದು ಹಾರಿಸಿದರು. ಅದರ ರಾಡಾರ್ ಮೋಡವನ್ನೂ ಕತ್ತಲನ್ನೂ ದಾಟಿ ನೆಲವನ್ನು ನೋಡಬಲ್ಲದು. ನೆಲ ಸ್ವಲ್ಪವೇ ಜಾರಿದ್ದರೂ ಗುರುತಿಸಬಲ್ಲದು. ಗುಡ್ಡ ಕುಸಿಯುವ ಊರುಗಳಿಗೆ ಇದು ಒಳ್ಳೆಯ ಸುದ್ದಿ. ಆದರೆ ಅದು ಒಂದೇ ಜಾಗವನ್ನು ಮತ್ತೆ ಅದೇ ದಾರಿಯಲ್ಲಿ ಬಂದು ನೋಡುವುದು 12 ದಿನಕ್ಕೊಮ್ಮೆ. ಮನೆಯ ಹಿಂದಿನ ಗುಡ್ಡದಲ್ಲಿ ಇವತ್ತು ಬಿರುಕು ಬಿಟ್ಟಿದ್ದನ್ನು ಮೊದಲು ಕಾಣುವುದು ಅಲ್ಲಿ ಸೌದೆಗೆ, ಹುಲ್ಲಿಗೆ ಹೋದ ಹೆಂಗಸೇ.

ಬಣ್ಣದ ಎಚ್ಚರಿಕೆಗಳ ಅರ್ಥ

ಹವಾಮಾನ ಇಲಾಖೆ ಎಚ್ಚರಿಕೆಯನ್ನು ಬಣ್ಣಗಳಲ್ಲಿ ಕೊಡುತ್ತದೆ. 24 ಗಂಟೆಯಲ್ಲಿ ಬೀಳಬಹುದಾದ ಮಳೆಯ ಲೆಕ್ಕ ಹೀಗಿದೆ:

ಯೆಲ್ಲೋ (ಹಳದಿ): ಭಾರಿ ಮಳೆ, 64.5ರಿಂದ 115.5 ಮಿ.ಮೀ. ಗಮನ ಇರಲಿ.
ಆರೆಂಜ್ (ಕಿತ್ತಳೆ): ಅತಿ ಭಾರಿ ಮಳೆ, 115.6ರಿಂದ 204.4 ಮಿ.ಮೀ. ಸಿದ್ಧರಾಗಿರಿ.
ರೆಡ್ (ಕೆಂಪು): 204.4 ಮಿ.ಮೀ.ಗಿಂತ ಹೆಚ್ಚು. ಕೂಡಲೇ ಕ್ರಮ ಕೈಗೊಳ್ಳಿ.

ಒಂದು ಮಿ.ಮೀ. ಮಳೆ ಅಂದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಅಂಗಳಕ್ಕೆ ಒಂದು ಲೀಟರ್ ನೀರು. ರೆಡ್ ಅಲರ್ಟ್ ದಿನ ಅಷ್ಟೇ ಜಾಗಕ್ಕೆ ಇನ್ನೂರು ಲೀಟರಿಗೂ ಹೆಚ್ಚು, ಅಂದರೆ ಒಂದು ದೊಡ್ಡ ಡ್ರಮ್ಮಿನಷ್ಟು ನೀರು! ಹಳೆಯ ಮಣ್ಣಿನ ಗೋಡೆ ಇದನ್ನು ತಡೆದೀತೇ, ಯೋಚಿಸಿ.

ನಮ್ಮ ಸಂಘ ಮಾಡಬಹುದಾದದ್ದು

1. ಮಳೆಗಾಲಕ್ಕೆ ಮುಂಚೆ ಇಬ್ಬರು ಸದಸ್ಯರನ್ನು ಆರಿಸಿ. ದಿನಾ ಎಚ್ಚರಿಕೆ ನೋಡಿ ಉಳಿದವರಿಗೆ ತಿಳಿಸುವುದು ಅವರ ಹೊಣೆ. ಬೆಳೆಗಾರರಿಗೆ 'ಮೇಘದೂತ್', ಸಿಡಿಲಿಗೆ 'ದಾಮಿನಿ' ಎಂಬ ಸರ್ಕಾರಿ ಆ್ಯಪ್‌ಗಳಿವೆ. ಮಕ್ಕಳಿಂದ ಹಾಕಿಸಿಕೊಳ್ಳಿ.

2. ಫೋನ್ ಇಲ್ಲದ ಮನೆ, ಒಂಟಿ ಅಜ್ಜಿ, ಗರ್ಭಿಣಿ, ಬಾಣಂತಿ, ನಡೆಯಲಾಗದವರು ಇವರ ಪಟ್ಟಿಯನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಯಾರ ಮನೆಗೆ ಯಾರು ಹೋಗಿ ಹೇಳಬೇಕು ಎಂಬುದನ್ನೂ ಬರೆಯಿರಿ.

3. ಶಾಲೆ, ಸಮುದಾಯ ಭವನದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಮೊದಲೇ ತಿಳಿದಿರಲಿ.

4. ನೇರ ಗೋಡೆಯ, ಮೇಲಿಂದ ಕೆಳಗೆ ಒಂದೇ ಅಗಲದ ಡಬ್ಬಿಯನ್ನು ಬಯಲಲ್ಲಿಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯಿರಿ. ಅದೇ ನಿಮ್ಮೂರಿನ ಮಳೆ. ಉಳಿತಾಯದ ಲೆಕ್ಕ ಇಟ್ಟ ಹಾಗೆ ಇದನ್ನೂ ಬರೆದಿಡಿ. ನಾಲ್ಕೈದು ವರ್ಷದ ಲೆಕ್ಕ ಸೇರಿದರೆ ಬಿತ್ತನೆಗೂ ಗ್ರಾಮಸಭೆಯಲ್ಲಿ ಮಾತಾಡುವುದಕ್ಕೂ ಉಪಯೋಗ.

5. ಗುಡ್ಡದಲ್ಲಿ ಬಿರುಕು, ಬಾವಿ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಮರ ವಾಲುವುದು ಕಂಡರೆ ತಡಮಾಡದೆ ಪಂಚಾಯಿತಿಗೆ ತಿಳಿಸಿ, ಆ ಮನೆಯವರನ್ನು ಎಬ್ಬಿಸಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

ಕಳೆದ ಮಳೆಗಾಲದಲ್ಲಿ ನಮ್ಮೂರಿಗೆ ಎಚ್ಚರಿಕೆ ಯಾರಿಂದ ಬಂತು, ಎಷ್ಟು ಹೊತ್ತಿಗೆ ಬಂತು? ಯಾವ ಮನೆಗೆ ಅದು ತಲುಪಲೇ ಇಲ್ಲ? ಈ ವರ್ಷ ಆ ಮನೆಯ ಬಾಗಿಲು ತಟ್ಟುವವರು ನಮ್ಮಲ್ಲಿ ಯಾರು?