ಅವಳು ನನಗೆ ಯಾರು ಅಂತ ಬರೀತಾರೆ? ಸಲಿಂಗ ಮದುವೆ ಚರ್ಚೆ ಮತ್ತು ಒಂದು ತೆಂಗಿನ ತೋಟ

ಅರಳಗುಪ್ಪೆಯಿಂದ ಮಾತಾಡ್ತಿದೀನಿ. ಹಿಂದೆ ಟಕ್ ಟಕ್ ಸದ್ದು ಬಂದ್ರೆ ಇಯರ್‌ಫೋನ್ ಕೆಟ್ಟಿದೆ ಅಂದ್ಕೋಬೇಡಿ, ಪಕ್ಕದ ಮನೆಯಲ್ಲಿ ಕೊಬ್ಬರಿ ಸುಲೀತಿದಾರೆ.

ಹೋದ ತಿಂಗಳು ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಹೆಣ್ಣುಮಗಳು, ನಮ್ಮ ಸೀಮೆಯವರೇ. ಅದನ್ನ ಇಲ್ಲಿ ಹಾಕಲ್ಲ. ಬೆಂಗಳೂರಾಗಿದ್ರೆ ಹೆಸರು ಬಿಟ್ಟು ಹಾಕಬಹುದಿತ್ತು. ನಮ್ಮ ಕಡೆ ಎರಡು ಮಾತು ಕಿವಿಗೆ ಬಿದ್ರೆ ಇದು ಇಂಥೋರ ಮಗಳ ದನಿ ಅಂತ ಹೇಳ್ಬಿಡ್ತಾರೆ. ಅವರು ಕೇಳಿದ್ದು ಇಷ್ಟು: "ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಸ್ವಲ್ಪ ತೆಂಗಿನ ತೋಟ ಬಂತು. ನಾನು, ನನ್ನ ಗೆಳತಿ ಒಟ್ಟಿಗೆ ಬದುಕ್ತಿದೀವಿ. ನಾಳೆ ನನಗೇನಾದ್ರೂ ಆದ್ರೆ, ಅರ್ಜಿಯಲ್ಲಿ ಅವಳು ನನಗೆ ಯಾರು ಅಂತ ಬರೀತಾರೆ?"

ಈ ಎಪಿಸೋಡ್ ಮಾಡ್ತೀನಿ ಅಂತ ಮನೇಲಿ ಹೇಳಿದಾಗ ಅಪ್ಪ, "ಅದೆಲ್ಲ ಬೆಂಗಳೂರೋರ ವಿಚಾರ ಕಣ್ಲಾ" ಅಂದ್ರು. ತಮಾಷೆ ನೋಡಿ, 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಇದು ನಗರದ ಮೇಲ್ವರ್ಗದವರ ಬೇಡಿಕೆ ಅಂತ. ಹಾಗಾದ್ರೆ ನನಗೆ ಮೆಸೇಜ್ ಕಳಿಸಿದವರನ್ನ ಯಾವ ಲೆಕ್ಕಕ್ಕೆ ಹಾಕೋದು?

ಮೊದಲು ಕೇಸು ಏನು ಅಂತ ನೋಡೋಣ. ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅಪರಾಧ ಅಲ್ಲ ಅನ್ನೋದು ಬೇರೆ, ಮದುವೆ ಅಂತ ಒಪ್ಪೋದು ಬೇರೆ. ಹಾಗಾಗಿ 2022ರ ಕೊನೆಗೆ ಹೈದರಾಬಾದಿನ ಒಂದು ಜೋಡಿ ಕೋರ್ಟಿಗೆ ಹೋಯ್ತು, ಹಿಂದೆಯೇ ಇನ್ನೂ ಅನೇಕರು ಹೋದ್ರು. ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಅರ್ಜಿದಾರರು. ಜಾತಿ, ಧರ್ಮ ಮೀರಿ ಮದುವೆ ಆಗೋರಿಗೆ ಅಂತ 1954ರ ವಿಶೇಷ ವಿವಾಹ ಕಾಯ್ದೆ ಇದೆಯಲ್ಲ, ಅದನ್ನ ನಮಗೂ ಅನ್ವಯಿಸಿ ಅನ್ನೋದು ಅವರ ಮುಖ್ಯ ಬೇಡಿಕೆ.

ಸರ್ಕಾರ ಒಪ್ಪಲಿಲ್ಲ. ಭಾರತೀಯ ಕುಟುಂಬ ಅಂದ್ರೆ ಗಂಡ, ಹೆಂಡತಿ, ಮಕ್ಕಳು. ಬದಲಾವಣೆ ಬೇಕಿದ್ರೆ ಸಂಸತ್ತು ಮಾಡಲಿ ಅಂದಿತು. ಆರೆಸ್ಸೆಸ್ಸಿನ ದತ್ತಾತ್ರೇಯ ಹೊಸಬಾಳೆ, ಅವರು ನಮ್ಮ ಸೊರಬ ತಾಲೂಕಿನವರು, ಸರ್ಕಾರದ ನಿಲುವಿಗೆ ದನಿಗೂಡಿಸಿದ್ರು. ಜಮೀಯತ್ ಉಲಮಾ-ಎ-ಹಿಂದ್ ಕೂಡ ವಿರೋಧಿಸಿತು. ಬೇರೆ ಯಾವ ವಿಷಯಕ್ಕೂ ಇವರಿಬ್ಬರು ಒಂದೇ ಕಡೆ ನಿಂತಿದ್ದು ನನಗಂತೂ ನೆನಪಿಲ್ಲ. ರಾಜ್ಯಗಳ ಅಭಿಪ್ರಾಯ ಕೇಳಿದಾಗ ಉತ್ತರ ಕೊಟ್ಟಿದ್ದು ಏಳು. ಅದರಲ್ಲಿ ಅಸ್ಸಾಂ, ಆಂಧ್ರ, ರಾಜಸ್ಥಾನ ನೇರವಾಗಿ ಬೇಡ ಅಂದವು. ಆಗ ರಾಜಸ್ಥಾನದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ, ಇದನ್ನ ಬರೆದಿಟ್ಕೊಳ್ಳಿ. ಈ ಮಾತು ಕೋರ್ಟಿನಲ್ಲಿ ಬಂದ ದಿನ 2023ರ ಮೇ 10. ಅವತ್ತು ನಾವೆಲ್ಲ ಇಲ್ಲಿ ವಿಧಾನಸಭೆಗೆ ಓಟು ಹಾಕ್ತಾ ಇದ್ವಿ.

ತೀರ್ಪು ಬಂದಿದ್ದು 2023ರ ಅಕ್ಟೋಬರ್ 17ಕ್ಕೆ. ಮದುವೆ ಆಗೋದು ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನ ನಾವು ತಿದ್ದಿ ಬರೆಯೋಕಾಗಲ್ಲ ಅಂತ ಐದೂ ನ್ಯಾಯಮೂರ್ತಿಗಳು ಹೇಳಿದ್ರು. ಮದುವೆ ಅಲ್ಲದಿದ್ರೂ ಜೊತೆಯಾಗಿ ಬಾಳೋ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಬೇಕು ಅಂದೋರು ಚಂದ್ರಚೂಡ್ ಮತ್ತು ಕೌಲ್. ಉಳಿದ ಮೂವರು ಅದಕ್ಕೂ ಒಪ್ಪಲಿಲ್ಲ. ಟ್ರಾನ್ಸ್ ವ್ಯಕ್ತಿಗಳು ಗಂಡು-ಹೆಣ್ಣಿನ ಸಂಬಂಧದಲ್ಲಿದ್ರೆ ಈಗಿರೋ ಕಾನೂನಿನಲ್ಲೇ ಮದುವೆ ಆಗಬಹುದು ಅನ್ನೋದು ಮಾತ್ರ ಸ್ಪಷ್ಟ ಆಯ್ತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಅಂದಹಾಗೆ, ಇದು ನಗರದ್ದೂ ಅಲ್ಲ, ಮೇಲ್ವರ್ಗದ್ದೂ ಅಲ್ಲ ಅಂತ ಚಂದ್ರಚೂಡ್ ತಮ್ಮ ತೀರ್ಪಿನಲ್ಲಿ ಬರೆದಿದಾರೆ. ಅಪ್ಪನಿಗೆ ಓದಿ ಹೇಳಿದೆ. "ಹೂಂ" ಅಂದು ತೋಟಕ್ಕೆ ಹೋದ್ರು.

ಸಂಸತ್ತು ಮಾಡಲಿ ಅನ್ನೋ ವಾದವನ್ನ ನಾನು ತಳ್ಳಿಹಾಕಲ್ಲ. ಕಾನೂನು ಮಾಡೋದು ಅವರ ಕೆಲಸ. ಆದ್ರೆ ಸಂಸತ್ತು ಏನು ಮಾಡ್ತು? ಸುಪ್ರಿಯಾ ಸುಳೆ 2022ರಲ್ಲಿ ತಂದ ಖಾಸಗಿ ಮಸೂದೆ ಅಲ್ಲೇ ಕೂತಿತ್ತು, ಆ ಲೋಕಸಭೆ ಮುಗಿದಾಗ ಅದೂ ಮುಗೀತು. 2024ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್, ವ್ಯಾಪಕವಾಗಿ ಚರ್ಚಿಸಿ ಇಂಥ ಜೋಡಿಗಳ ಸಂಬಂಧಕ್ಕೆ ಮಾನ್ಯತೆ ಕೊಡೋ ಕಾನೂನು ತರ್ತೀವಿ ಅಂತ ಬರೀತು. ಚುನಾವಣಾ ಭಾಷಣಗಳಲ್ಲಿ ಆ ಸಾಲು ನನ್ನ ಕಿವಿಗಂತೂ ಬೀಳಲಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂದ್ರೆ ತಪ್ಪಾಗುತ್ತೆ. ಕೋರ್ಟಿಗೆ ಮಾತು ಕೊಟ್ಟಂತೆ ಸಂಪುಟ ಕಾರ್ಯದರ್ಶಿ ನೇತೃತ್ವದಲ್ಲಿ ಸಮಿತಿ ಮಾಡಿತು. 2024ರ ಆಗಸ್ಟ್‌ನಲ್ಲಿ ಎರಡು ಸೂಚನೆ ಬಂದವು: ಇಂಥ ಜೋಡಿಗಳನ್ನ ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರು ಅಂತ ಪರಿಗಣಿಸಿ, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯೋಕೆ, ನಾಮಿನಿ ಮಾಡೋಕೆ ಅಡ್ಡಿ ಇಲ್ಲ.

ಇಲ್ಲಿ ನನ್ನ ಬಿಕಾಂ ಸ್ವಲ್ಪ ಉಪಯೋಗಕ್ಕೆ ಬರುತ್ತೆ. ನಾಮಿನಿ ಅಂದ್ರೆ ಬ್ಯಾಂಕಿನಿಂದ ದುಡ್ಡು ಇಸ್ಕೊಳ್ಳೋರು, ಅಷ್ಟೆ. ಆ ದುಡ್ಡು ಕೊನೆಗೆ ಯಾರದ್ದು ಅನ್ನೋದನ್ನ ತೀರ್ಮಾನ ಮಾಡೋದು ವಾರಸು ಕಾನೂನು ಅಥವಾ ವಿಲ್. ಜೀವ ವಿಮೆಯಲ್ಲಿ 2015ರ ತಿದ್ದುಪಡಿ ಆದ್ಮೇಲೆ ನಾಮಿನಿಗೇ ಹಣದ ಹಕ್ಕು ಇದೆ, ಆದ್ರೆ ಆ ನಾಮಿನಿ ಅಪ್ಪ, ಅಮ್ಮ, ಮಕ್ಕಳು, ಗಂಡ ಅಥವಾ ಹೆಂಡತಿ ಆಗಿರಬೇಕು. ಗೆಳತಿ ಈ ಪಟ್ಟಿಯಲ್ಲಿಲ್ಲ. ಗಂಡ ಹೆಂಡತಿಗೆ ಎಷ್ಟು ಹಣ ಕೊಟ್ರೂ ಪಡೆದವರಿಗೆ ಅದರ ಮೇಲೆ ತೆರಿಗೆ ಬೀಳಲ್ಲ; ಇವರಿಬ್ಬರ ನಡುವೆ ವರ್ಷಕ್ಕೆ 50,000 ರೂಪಾಯಿ ದಾಟಿದ ಉಡುಗೊರೆ, ಪಡೆದವರ ಆದಾಯಕ್ಕೆ ಸೇರುತ್ತೆ.

ಈಗ ತೋಟಕ್ಕೆ ಬರೋಣ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಮದುವೆ ಆಗದ, ಮಕ್ಕಳಿಲ್ಲದ ಹೆಣ್ಣುಮಗಳು ವಿಲ್ ಬರೆಯದೆ ತೀರಿಕೊಂಡ್ರೆ, ಅಪ್ಪನಿಂದ ವಾರಸಾಗಿ ಬಂದ ಆಸ್ತಿ ಅಪ್ಪನ ವಾರಸುದಾರರಿಗೆ ಹೋಗುತ್ತೆ. ಅಂದ್ರೆ ಅಣ್ಣತಮ್ಮಂದಿರು, ಅಕ್ಕತಂಗಿಯರು. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷ ಕೇಳ್ತಾರೆ. ಎಷ್ಟು ವರ್ಷ ಜೊತೆಗೆ ತೋಟಕ್ಕೆ ನೀರು ಬಿಟ್ಟಿದ್ರೂ, ಕಾಯಿಲೆ ಬಿದ್ದಾಗ ಗಂಜಿ ಕಾಯಿಸಿ ಕೊಟ್ಟಿದ್ರೂ, ಗೆಳತಿಯ ಹೆಸರು ಬರೆಯೋಕೆ ಆ ವಂಶವೃಕ್ಷದಲ್ಲಿ ಕೊಂಬೆನೇ ಇಲ್ಲ. ಮದುವೆ ಕೇಳೋದು ಮೆರವಣಿಗೆಗೆ, ಫೋಟೋಗೆ ಅಂತ ಅಂದ್ಕೊಂಡೋರು ಒಮ್ಮೆ ನಾಡಕಚೇರಿ ಮುಂದೆ ನಿಂತು ನೋಡಬೇಕು.

ಪೇಟೆಯ ವಿಷಯ ಅನ್ನೋರಿಗೆ ಇನ್ನೊಂದು. ನೇಪಾಳದಲ್ಲಿ, ದಾಖಲೆ ಪ್ರಕಾರ ಇಬ್ಬರೂ ಗಂಡಸರೇ ಆಗಿದ್ದ ಜೋಡಿಯ ಮದುವೆ ಮೊದಲ ಸಲ ನೋಂದಣಿ ಆಗಿದ್ದು 2023ರ ನವೆಂಬರ್‌ನಲ್ಲಿ. ಎಲ್ಲಿ ಗೊತ್ತಾ? ಕಠ್ಮಂಡುವಿನಲ್ಲಲ್ಲ, ಲಮ್ಜುಂಗ್ ಜಿಲ್ಲೆಯ ಒಂದು ಗ್ರಾಮೀಣ ಪಾಲಿಕೆಯಲ್ಲಿ.

ಆ ಕೇಳುಗರಿಗೆ ನಾನು ಉತ್ತರ ಕಳಿಸಿದೆ: ಸದ್ಯಕ್ಕೆ ಇರೋ ದಾರಿ ವಿಲ್ ಒಂದೇ, ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ನೋಂದಣಿ ಕಡ್ಡಾಯ ಅಲ್ಲ, ಆದ್ರೂ ನಾಳೆ ಮನೆಯವರು ತಕರಾರು ತೆಗೆದ್ರೆ ಆಸರೆ ಆಗುತ್ತೆ. ಇಬ್ಬರು ಸಾಕ್ಷಿ ಸಹಿ ಬೇಕು.

ರಾತ್ರಿ ಹತ್ತಕ್ಕೆ ಮೆಸೇಜ್ ಬಂತು. "ಸಾಕ್ಷಿ ಅಂದ್ರೆ ಊರಲ್ಲಿ ಇಬ್ಬರಿಗೆ ವಿಷಯ ಹೇಳಬೇಕಲ್ಲಣ್ಣ. ಯಾರನ್ನ ಕರೀಲಿ?"

ಸಾಕ್ಷಿಗಳು ವಿಲ್ಲಿನಲ್ಲಿ ಏನಿದೆ ಅಂತ ಓದಲೇಬೇಕು ಅಂತಿಲ್ಲ, ಸಹಿ ಹಾಕಿದ್ದನ್ನ ನೋಡಿದ್ರೆ ಸಾಕು. ಅಷ್ಟನ್ನ ತಿರುಗಿ ಬರೆದೆ. ಉಳಿದದ್ದಕ್ಕೆ ಮುಂದಿನ ಎಪಿಸೋಡಿಗೆ ತಿಪಟೂರಿನ ವಕೀಲರೊಬ್ಬರನ್ನ ಕೂರಿಸ್ಕೊಂಡು ಮಾತಾಡ್ತೀನಿ. ನಿಮ್ಮ ಪ್ರಶ್ನೆ ಇದ್ರೆ ಬರೆದು ಕಳಿಸಿ, ವಾಯ್ಸ್ ಮೆಸೇಜೇ ಆಗಬೇಕು ಅಂತಿಲ್ಲ.