ಕುಂಡದಲ್ಲಿ ಹೆಗ್ಗಾತ್ರದ ಟೊಮೇಟೊ

ಟೊಮೇಟೊ ಹಣ್ಣು ಇಂದು ನಮ್ಮ ಪಾಕಶಾಲೆಗಳಲ್ಲಿ ನಿತ್ಯೋಪಯೋಗದ ವಸ್ತುವಾಗಿದೆಯಾದರೂ ಅದು ಮೂಲತಃ ನಮ್ಮ ದೇಶದ್ದಲ್ಲ. ಅದರ ಸೋದರಿಯಾದ ಬದನೆಗೆ ವಾರ್ತಾಕೀ ಎಂಬ ಹೆಸರು ಅಮರಕೋಶದಲ್ಲಿಯೇ ಉಂಟು. ಟೊಮೇಟೊವಿಗೆ ನಮ್ಮ ಹಳೆಯ ನಿಘಂಟುಗಳಲ್ಲಿ ಯಾವ ಹೆಸರೂ ಇಲ್ಲ. ಅಮೆರಿಕಾ ಖಂಡದಿಂದ ಹಡಗು ಹತ್ತಿ ಬಂದ ಈ ಪರದೇಶಿಗೆ ಅನೇಕ ಮನೆಗಳ ಶ್ರಾದ್ಧದ ಅಡಿಗೆಯಲ್ಲಿ ಇಂದಿಗೂ ಪ್ರವೇಶವಿಲ್ಲ. ಉಳಿದ ದಿನಗಳಲ್ಲಿಯಾದರೋ ಅದಿಲ್ಲದೆ ಸಾರೇ ಆಗದು. ೨೦೨೩ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಲೆಯು ಕಿಲೋಗ್ರಾಮಿಗೆ ನೂರು ರೂಪಾಯಿಗಳನ್ನು ಮೀರಿದಾಗ, ಮಾಳಿಗೆಯ ಮೇಲೆ ನಾಲ್ಕು ಗಿಡಗಳನ್ನು ಇಡಬೇಕೆಂಬ ಆಸೆ ಬಹುಮಂದಿ ಗೃಹಸ್ಥರಿಗೆ ಹುಟ್ಟಿತು.

ಆಸೆಯೇನೋ ಒಳ್ಳೆಯದೇ. ಆದರೆ ಹಣ ಉಳಿಸುವ ಉದ್ದೇಶದಿಂದ ಕುಂಡದಲ್ಲಿ ಟೊಮೇಟೊ ಬೆಳೆಯುವವರ ಲೆಕ್ಕ ಸರಿಹೋಗುವುದು ಅಪರೂಪ. ಕುಂಡ, ಮಣ್ಣು, ಗೊಬ್ಬರಗಳ ವೆಚ್ಚವನ್ನು ಕೂಡಿಸಿ ನೋಡಿದರೆ ಅಂಗಡಿಯ ಹಣ್ಣೇ ಅಗ್ಗವಾಗಿ ಕಾಣುವುದು. ಮನೆಯಲ್ಲಿ ಬೆಳೆಯತಕ್ಕದ್ದು ಅಂಗಡಿಯಲ್ಲಿ ದೊರೆಯದ ಹಣ್ಣನ್ನು. ಕೋಲಾರದ ಮಾರುಕಟ್ಟೆಯಿಂದ ಲಾರಿಗಳಲ್ಲಿ ದೂರದೂರದ ಪಟ್ಟಣಗಳಿಗೆ ಹೋಗುವ ಹಣ್ಣಿಗೆ ಗಟ್ಟಿಯಾದ ಸಿಪ್ಪೆ ಬೇಕು, ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕುಳಿತು ಪ್ರಯಾಣ ಮಾಡುವ ತಾಳ್ಮೆ ಬೇಕು. ಒಂದೊಂದೂ ಅರ್ಧ ಕಿಲೋಗ್ರಾಮು ತೂಗುವ, ಸಿಪ್ಪೆ ತೆಳುವಾಗಿ ತಿರುಳು ತುಂಬಿದ ದೊಡ್ಡ ಹಣ್ಣು ಅಂತಹ ಪ್ರಯಾಣವನ್ನು ಸಹಿಸಲಾರದು. ಆದುದರಿಂದಲೇ ಅದು ನಮ್ಮ ಸಂತೆಗಳಿಗೆ ಬರುವುದಿಲ್ಲ.

ಇಂಗ್ಲಿಷಿನಲ್ಲಿ ಈ ವರ್ಗಕ್ಕೆ 'ಬೀಫ್‌ಸ್ಟೀಕ್' ಟೊಮೇಟೊ ಎಂದು ಹೆಸರು. ಹೆಸರನ್ನು ಕೇಳಿ ಸಸ್ಯಾಹಾರಿಗಳು ಬೆಚ್ಚಬೇಕಾದ್ದಿಲ್ಲ. ಅದು ಹೋಳಿನ ದಪ್ಪವನ್ನು ಕಂಡು ಇಟ್ಟದ್ದು. ಸಾಧಾರಣ ಟೊಮೇಟೊವನ್ನು ಅಡ್ಡಲಾಗಿ ಕೊಯ್ದರೆ ಎರಡು ಮೂರು ಕೋಣೆಗಳೂ ಅವುಗಳ ತುಂಬ ಲೋಳೆಯೂ ಬೀಜವೂ ಕಾಣುವುವು. ಇದರಲ್ಲಿ ಕೋಣೆಗಳು ಬಹಳ, ಒಂದೊಂದೂ ಸಣ್ಣದು, ನಡುವೆಲ್ಲ ತಿರುಳು. ಒಂದು ಬಿಲ್ಲೆಯನ್ನು ಕೊಯ್ದು ಉಪ್ಪು ಮೆಣಸಿನ ಪುಡಿ ಉದುರಿಸಿದರೆ ತಟ್ಟೆಯ ಅರ್ಧ ತುಂಬುತ್ತದೆ. ಸಾರಿಗೆ ಮಾತ್ರ ಇದು ಸಲ್ಲದು, ಹುಳಿ ಸಾಲದು. ಆ ಕಾರ್ಯಕ್ಕೆ ನಮ್ಮ ನಾಟಿ ಟೊಮೇಟೊವೇ ಸರಿ.

ಈ ವರ್ಗದ ತಳಿಗಳಲ್ಲಿ ಒಂದರ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ಸಂಸ್ಥಾನದ ಲೋಗನ್ ಎಂಬ ಊರಿನಲ್ಲಿ ಎಂ. ಸಿ. ಬೈಲ್ಸ್ ಎಂಬ ಮೋಟಾರು ದುರಸ್ತಿಯವನಿದ್ದನು. ಆತನು ೧೯೩೦ರ ದಶಕದಲ್ಲಿ ದೊಡ್ಡ ಹಣ್ಣಿನ ತಳಿಗಳನ್ನು ಒಂದರೊಡನೊಂದು ಕೂಡಿಸಿ, ವರ್ಷವರ್ಷವೂ ಉತ್ತಮವಾದ ಗಿಡದ ಬೀಜವನ್ನೇ ಆರಿಸುತ್ತ, ಕೊನೆಗೆ ಒಂದು ಹೊಸ ತಳಿಯನ್ನು ಪಡೆದನು. ಅದರ ಸಸಿಗಳನ್ನು ಒಂದೊಂದು ಡಾಲರಿಗೆ ಮಾರಿ, ಆರು ವರ್ಷಗಳಲ್ಲಿ ಮನೆಯ ಮೇಲಿದ್ದ ೬,೦೦೦ ಡಾಲರುಗಳ ಸಾಲವನ್ನು ತೀರಿಸಿದನೆಂದು ಪ್ರಸಿದ್ಧಿ. ತಳಿಗೆ 'ಮಾರ್ಟ್‌ಗೇಜ್ ಲಿಫ್ಟರ್', ಎಂದರೆ ಅಡವು ಬಿಡಿಸುವುದು, ಎಂದೇ ಹೆಸರಾಯಿತು. ಇದರ ಬೀಜವೂ 'ಬ್ರಾಂಡಿವೈನ್' ಎಂಬ ಇನ್ನೊಂದು ಹಳೆಯ ತಳಿಯ ಬೀಜವೂ ಈಗ ನಮ್ಮಲ್ಲಿ ಬೀಜದ ವ್ಯಾಪಾರಿಗಳಿಂದ ಅಂಚೆಯ ಮೂಲಕ ದೊರೆಯುತ್ತವೆ.

ಬೀಜ ದೊರೆತರೆ ಸಾಲದು. ದೊಡ್ಡ ಹಣ್ಣಿನ ಶಕ್ತಿ ಬೀಜದಲ್ಲಿರುವುದು ನಿಜ. ಅದು ಹೊರಗೆ ಬರಬೇಕಾದರೆ ಬೇರಿಗೆ ಸ್ಥಳವೂ ಎಡೆಬಿಡದ ತೇವವೂ ಬೇಕು. ಈ ಎರಡನ್ನು ಕಡೆಗಣಿಸಿ ಬೀಜವನ್ನು ದೂರುವವರೇ ಹೆಚ್ಚು. ನಮ್ಮ ಬೀದಿಯ ಗೃಹಿಣಿಯೊಬ್ಬರು ಬಣ್ಣದ ಖಾಲಿ ಡಬ್ಬಿಯೊಂದರಲ್ಲಿ ಬ್ರಾಂಡಿವೈನ್ ಗಿಡವನ್ನು ಪ್ರೀತಿಯಿಂದ ಬೆಳೆಸಿದ್ದರು. ಕಾಯಿಗಳು ನಿಂಬೆಯ ಗಾತ್ರಕ್ಕೆ ಬರುತ್ತಲೇ ಬುಡದ ಭಾಗ ಕಪ್ಪಾಗಿ ಕೊಳೆಯತೊಡಗಿದುವು. "ಯಾರದೋ ಕಣ್ಣು ಬಿತ್ತು, ಮೇಷ್ಟ್ರೇ" ಎಂದು ಅವರು ವ್ಯಥೆಪಟ್ಟರು. ಅವರ ಅತ್ತೆಯವರು ಆಗಲೇ ಕೋಲಿಗೆ ಹಳೆಯ ಮೆಟ್ಟೊಂದನ್ನು ಕಟ್ಟಿಯೂ ಇದ್ದರು.

"ನೀರು ಹಾಕುವುದು ಯಾವಾಗಮ್ಮ?" ಎಂದು ಕೇಳಿದೆನು.

"ದಿನವೂ ಬೆಳಗ್ಗೆ. ಶನಿವಾರ ಭಾನುವಾರ ಮಾತ್ರ ಊರಿಗೆ ಹೋಗುತ್ತೇವೆ."

ರೋಗದ ಮೂಲ ಅಲ್ಲಿಯೇ ಇತ್ತು. ಕಾಯಿಯ ತುದಿಗೆ ಬೇಕಾದ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ನೀರಿನೊಡನೆಯೇ ಬೇರಿನಿಂದ ಮೇಲೇರತಕ್ಕದ್ದು. ಮಣ್ಣು ಒಣಗಿದರೆ ಆ ಪ್ರವಾಹ ನಿಲ್ಲುತ್ತದೆ. ಎಲೆಗಳು ತಮ್ಮ ಪಾಲನ್ನು ಹೇಗೋ ಸೆಳೆದುಕೊಳ್ಳುತ್ತವೆ, ಕಾಯಿಯ ತುದಿ ಉಪವಾಸ ಬಿದ್ದು ಕೊಳೆಯುತ್ತದೆ. ಇದಕ್ಕೆ ಮೊಟ್ಟೆಯ ಚಿಪ್ಪಿನ ಪುಡಿಯನ್ನು ಹಾಕುವವರುಂಟು. ಅದು ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಹಿಡಿಯುವುದರಿಂದ ಆಗಿನ ಕಾಯಿಗೆ ಉಪಯೋಗವಿಲ್ಲ. ಒಣಗಿದ ಕುಂಡಕ್ಕೆ ಒಮ್ಮೆಲೇ ನೀರು ಸುರಿದರೆ ಹಣ್ಣು ಬಿರಿಯುವುದೂ ಉಂಟು. ಮರುವರ್ಷ ಅವರು ಅದೇ ಪೊಟ್ಟಣದಲ್ಲಿ ಉಳಿದಿದ್ದ ಬೀಜವನ್ನು ಬಿತ್ತಿ, ೫೦ ಲೀಟರಿನ ಪೀಪಾಯಿಯಲ್ಲಿ ಒಂದೇ ಸಸಿಯನ್ನು ನೆಟ್ಟು, ಊರಿಗೆ ಹೋಗುವ ದಿನಗಳಲ್ಲಿ ಹನಿನೀರಿನ ಕೊಳವೆಯನ್ನು ಜೋಡಿಸಿದರು. ಹಣ್ಣುಗಳು ಅಂಗೈ ತುಂಬ ಬಂದುವು. ಮೆಟ್ಟನ್ನು ಮಾತ್ರ ಅತ್ತೆಯವರು ಈ ಸಲವೂ ತೆಗೆಯಗೊಡಲಿಲ್ಲ.

ಪಾತ್ರೆಯು ೪೦ ಲೀಟರಿಗೆ ಕಡಮೆಯಿರಲಾಗದು; ಒಂದೂವರೆ ಅಡಿ ಆಳವಿರಬೇಕು; ತಳದಲ್ಲಿ ರಂಧ್ರಗಳಿರಬೇಕು. ಬರಿಯ ತೋಟದ ಮಣ್ಣು ಕುಂಡದಲ್ಲಿ ಇಟ್ಟಿಗೆಯಂತೆ ಬಿಗಿಯುವುದರಿಂದ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಸಮಭಾಗವಾಗಿ ಬೆರಸಿ, ಒಂದು ಹಿಡಿ ಬೇವಿನ ಹಿಂಡಿಯನ್ನು ಸೇರಿಸತಕ್ಕದ್ದು. ನೀರುಂಡ ಇಂತಹ ಪಾತ್ರೆ ಸುಮಾರು ೫೦ ಕಿಲೋಗ್ರಾಮು ತೂಗುವುದರಿಂದ ತಾರಸಿಯ ನಡುವೆ ಇಡದೆ ಗೋಡೆಯ ನೆತ್ತಿಯ ಮೇಲೆ ಬರುವಂತೆ ಅಂಚಿನಲ್ಲಿಡುವುದು ಲೇಸು. ದಿನಕ್ಕೆ ಆರು ತಾಸಿನ ಬಿಸಿಲು ಬೀಳದ ಎಡೆಯಲ್ಲಿ ಈ ಉದ್ಯೋಗವನ್ನೇ ಕೈಕೊಳ್ಳಬಾರದು.

ಕಾಲವೂ ಮುಖ್ಯ. ಹಗಲಿನ ತಾಪ ೩೫ ಡಿಗ್ರಿಯನ್ನು ಮೀರಿದರೆ ಪರಾಗ ಕೆಟ್ಟು ಹೂ ಉದುರುತ್ತದೆ; ರಾತ್ರಿ ಬಿಸಿಯಾಗಿದ್ದರೂ ಕಾಯಿ ಕಟ್ಟುವುದಿಲ್ಲ. ಬೆಂಗಳೂರು ಮೈಸೂರುಗಳಲ್ಲಿ ಸೆಪ್ಟೆಂಬರಿನಲ್ಲಿ ಬಿತ್ತಿ ಅಕ್ಟೋಬರಿನಲ್ಲಿ ನೆಟ್ಟರೆ ಜನವರಿ ಫೆಬ್ರುವರಿಗಳಲ್ಲಿ ಹಣ್ಣು. ಸಸಿಯನ್ನು ಕೆಳಗಿನ ಎಲೆಗಳನ್ನು ಚಿವುಟಿ ಆಳವಾಗಿ ನೆಡಬೇಕು. ಹೂತ ಕಾಂಡವೂ ಬೇರು ಬಿಡುತ್ತದೆ. ಆರಡಿಯ ಕೋಲನ್ನು ಅಂದೇ ನಿಲ್ಲಿಸಿರಿ, ಆಮೇಲೆ ಚುಚ್ಚಿದರೆ ಬೇರು ಹರಿಯುವುದು. ಎಲೆಯ ಕಂಕುಳಲ್ಲಿ ಹುಟ್ಟುವ ಕವಲುಗಳನ್ನು ಮುರಿದು ಎರಡು ಕಾಂಡಗಳನ್ನು ಮಾತ್ರ ಉಳಿಸಿಕೊಂಡು, ಒಂದೊಂದು ಗೊಂಚಲಿನಲ್ಲಿ ಎರಡು ಮೂರು ಕಾಯಿಗಳನ್ನು ಬಿಟ್ಟು ಉಳಿದುವನ್ನು ಕಿತ್ತುಹಾಕಬೇಕು. ಕೀಳಲು ಮನಸ್ಸು ಬಾರದವರು ಸಣ್ಣ ಹಣ್ಣಿನ ತಳಿಯನ್ನು ಬೆಳೆಯುವುದು ಉತ್ತಮ. ಮಣ್ಣಿನ ಮೇಲೆ ತರಗೆಲೆಗಳ ಹೊದಿಕೆಯಿರಲಿ. ತುಂಬಿದ ಗಿಡ ಬಿಸಿಲಿನ ದಿನ ಮೂರು ನಾಲ್ಕು ಲೀಟರು ನೀರು ಕುಡಿಯುತ್ತದೆ.

ಟೊಮೇಟೊ ಹೂವು ಸ್ವಯಂ ಫಲಿಸತಕ್ಕದ್ದಾದರೂ ಪರಾಗ ಉದುರಲು ಕಂಪನ ಬೇಕು. ಜೇನುನೊಣಕ್ಕೆ ಆ ವಿದ್ಯೆ ತಿಳಿಯದು. ಮರ ಕೊರೆಯುವ ಕರಿದುಂಬಿ ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಪರಾಗವನ್ನು ಉದುರಿಸುತ್ತದೆ. ದುಂಬಿ ಬಾರದ ಎತ್ತರದ ಮಾಳಿಗೆಗಳಲ್ಲಿ ಬೆಳಗಿನ ಹತ್ತು ಗಂಟೆಯ ವೇಳೆಗೆ ಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಸಾಕು. ಬಿಳಿನೊಣ ಹರಡುವ ಎಲೆಮುರುಟು ರೋಗಕ್ಕೆ ಮಾತ್ರ ಔಷಧವಿಲ್ಲ. ಈ ಹಳೆಯ ತಳಿಗಳಿಗೆ ಅದನ್ನು ತಡೆಯುವ ಶಕ್ತಿಯೂ ಇಲ್ಲ. ಮೊದಲ ತಿಂಗಳು ಸಸಿಗೆ ನುಣ್ಣನೆಯ ಬಲೆ ಹೊದಿಸಬೇಕು, ರೋಗ ತಗುಲಿದ ಗಿಡವನ್ನು ದಯೆಯಿಲ್ಲದೆ ಕೀಳಬೇಕು.

ಹಣ್ಣು ಬಣ್ಣ ತಿರುಗುತ್ತಲೇ ಕೊಯ್ದು ಒಳಗಿಟ್ಟರೂ ರುಚಿಯಾಗಿ ಮಾಗುತ್ತದೆ, ಅಳಿಲಿಗೂ ಸಿಕ್ಕುವುದಿಲ್ಲ. ತಂಪುಪೆಟ್ಟಿಗೆಯಲ್ಲಿಟ್ಟರೆ ಪರಿಮಳ ಹೋಗುವುದು. ಈ ಹಳೆಯ ತಳಿಗಳು ಮಿಶ್ರತಳಿಗಳಲ್ಲವಾದುದರಿಂದ ಅವುಗಳ ಬೀಜದಿಂದ ತಾಯಿಯಂತಹ ಗಿಡವೇ ಬರುತ್ತದೆ. ಮೊದಲ ಉತ್ತಮ ಹಣ್ಣಿನ ಬೀಜವನ್ನು ಲೋಳೆಸಹಿತ ಲೋಟದಲ್ಲಿ ಮೂರು ದಿನ ಹುಳಿಯಿಸಿ, ತೊಳೆದು, ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ತಳಿಯ ಹೆಸರನ್ನೂ ಇಸವಿಯನ್ನೂ ಬರೆದಿಟ್ಟರೆ ನಾಲ್ಕು ವರ್ಷ ಮೊಳೆಯುವ ಶಕ್ತಿ ಇರುತ್ತದೆ. ಮುಂದಿನ ಸಲ ಅದೇ ಮಣ್ಣಿನಲ್ಲಿ ಟೊಮೇಟೊವನ್ನಾಗಲಿ ಬದನೆ ಮೆಣಸಿನಕಾಯಿಗಳನ್ನಾಗಲಿ ಹಾಕದೆ, ಒಂದು ಬೆಳೆ ಹುರುಳಿಕಾಯಿಯನ್ನೋ ಸೊಪ್ಪನ್ನೋ ತೆಗೆಯತಕ್ಕದ್ದು.