ಹಳೆ ಕಬ್ಬಿಣ, ಹೊಸ ಕೊಡಲಿ

ನಮ್ಮ ಮನೆಗಳಲ್ಲಿ ಕತ್ತಿ ಇದೆ. ಕೊಡಲಿ ಇದೆ. ತೆಂಗಿನ ಮಡಲು ಕಡಿಯಲು ಕತ್ತಿ ಬೇಕು. ಸೌದಿ ಒಡೆಯಲು ಕೊಡಲಿ ಬೇಕು. ದಿನಾ ಇವನ್ನು ಹಿಡಿಯುವವರು ಹೆಚ್ಚಾಗಿ ಹೆಂಗಸರೇ. ಆದರೆ ಕೊಳ್ಳುವಾಗ ನಾವು ಎಂತ ನೋಡುತ್ತೇವೆ? ಹೊಳಪು ನೋಡುತ್ತೇವೆ. ಭಾರ ನೋಡುತ್ತೇವೆ. ರೇಟು ಕೇಳುತ್ತೇವೆ. ಯಾವ ಕಬ್ಬಿಣದ್ದು ಅಂತ ಕೇಳುವುದಿಲ್ಲ.

ಕೇಳಬೇಕು. ಎರಡು ಕೊಡಲಿ ಕಣ್ಣಿಗೆ ಒಂದೇ ತರ ಕಾಣಬಹುದು. ಒಂದರ ಬಾಯಿ ಮಳೆಗಾಲದ ಸೌದಿ ಪೂರಾ ಒಡೆದರೂ ನಿಲ್ಲುತ್ತದೆ. ಇನ್ನೊಂದರ ಬಾಯಿ ವಾರದಲ್ಲಿ ಮಡಚುತ್ತದೆ. ಮಡಚಿದ ಕೊಡಲಿ ಮರಕ್ಕೆ ಇಳಿಯುವುದಿಲ್ಲ, ಜಾರುತ್ತದೆ. ಜಾರಿದರೆ ಬೀಳುವುದು ನಮ್ಮ ಕಾಲಿಗೆ.

ಕಬ್ಬಿಣದಲ್ಲಿ ಸ್ವಲ್ಪ ಇಂಗಾಲ ಸೇರಿರುತ್ತದೆ. ಇದ್ದಿಲಿನಲ್ಲಿ ಇರುವುದೂ ಇದೇ ಇಂಗಾಲ. ಗಂಜಿಗೆ ಉಪ್ಪು ಇದ್ದ ಹಾಗೆ. ಇರುವುದು ಚೂರೇ ಚೂರು, ಆದರೆ ಗುಣವೆಲ್ಲ ಅದರಿಂದ. ಲಾರಿಯ ಕೆಳಗೆ ಉದ್ದದ ಸ್ಪ್ರಿಂಗ್ ಪಟ್ಟಿ ಇರುತ್ತದೆ, ನೋಡಿದ್ದೀರಲ್ಲ? ಅಂತಹ ಒಂದು ಕಿಲೋ ಪಟ್ಟಿಯಲ್ಲಿ 5ರಿಂದ 6 ಗ್ರಾಂ ಇಂಗಾಲ ಇರುತ್ತದೆ. ಅದು ಗಟ್ಟಿ ಉಕ್ಕು. ಕಿಟಕಿ ಸರಳು, ಗೇಟಿನ ಪಟ್ಟಿಯಲ್ಲಿ ಇನ್ನೂ ತುಂಬ ಕಡಿಮೆ. ಅದು ಮೆದು, ಬಗ್ಗುತ್ತದೆ. ಹಾಗಂತ ಇಂಗಾಲ ಹೆಚ್ಚಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಬೀಡಿನ ದೋಸೆಕಾವಲಿ ಕೈ ತಪ್ಪಿ ಬಿದ್ದರೆ ಎರಡು ತುಂಡು. ಅದರಲ್ಲಿ ಕಿಲೋಗೆ 25ರಿಂದ 40 ಗ್ರಾಂ ಇಂಗಾಲ!

ಅಮೆರಿಕ ದೇಶದಲ್ಲಿ ಕೆಲವರು ರೈಲು ಹಳಿಯ ಹಳೆ ಮೊಳೆಯಿಂದ ಸಣ್ಣ ಕೊಡಲಿ ಮಾಡುತ್ತಾರೆ. ಅದಕ್ಕೆ ಟೊಮಾಹಾಕ್ ಅಂತ ಹೆಸರು. ಅಲ್ಲಿನ ಮೂಲ ನಿವಾಸಿಗಳು ಬಳಸುತ್ತಿದ್ದ ಕೈಕೊಡಲಿ ಅದು. ಅಲ್ಲಿ ಈಗಲೂ ತುಂಬ ಕಡೆ ಹಳಿಯ ಕೆಳಗೆ ಮರದ ದಿಮ್ಮಿ ಇದೆ. ಹಳಿಯನ್ನು ದಿಮ್ಮಿಗೆ ಹಿಡಿದಿಡಲು ದಪ್ಪ ಮೊಳೆ ಹೊಡೆಯುತ್ತಾರೆ. ಹಳೆ ಮೊಳೆಯನ್ನು ಕೆಂಪಗೆ ಕಾಯಿಸಿ, ಒಂದು ತುದಿಯನ್ನು ಬಡಿದು ಅಗಲ ಮಾಡುತ್ತಾರೆ. ನಡುವೆ ಸೀಳಿ ಕಾವಿಗೆ ತೂತು ಬಿಡಿಸುತ್ತಾರೆ. ನೋಡಲು ಚಂದ. ಆದರೆ ಆ ಮೊಳೆಯಲ್ಲಿ ಕಿಲೋಗೆ ಹೆಚ್ಚೆಂದರೆ 3 ಗ್ರಾಂ ಆಸುಪಾಸು ಇಂಗಾಲ. ಗೋಡೆಗೆ ತೂಗಿಹಾಕಲು ಸರಿ, ನಮ್ಮ ಸೌದಿಗೆ ಅಲ್ಲ.

ನಮ್ಮ ಊರಿಗೂ ರೈಲು ಬಂತು. ಕೊಂಕಣ ರೈಲಿನ ಇಡೀ ದಾರಿ ತೆರೆದದ್ದು 1998ರ ಜನವರಿಯಲ್ಲಿ. ಬಾರ್ಕೂರು, ಕುಂದಾಪುರ, ಬೈಂದೂರಿನಲ್ಲಿ ನಿಲ್ದಾಣ ಇದೆ. ಈ ಹಳಿಯ ಕೆಳಗೆ ಇರುವುದು ಮರ ಅಲ್ಲ, ಸಿಮೆಂಟಿನ ದಿಮ್ಮಿ. ಅದಕ್ಕೆ ಮೊಳೆ ಇಲ್ಲ. ಬಾಗಿದ ಸ್ಪ್ರಿಂಗ್ ಕ್ಲಿಪ್ಪು ಹಳಿಯನ್ನು ಕಚ್ಚಿ ಹಿಡಿದಿರುತ್ತದೆ. ಈ ಕ್ಲಿಪ್ಪು ಮಾತ್ರ ಒಳ್ಳೆಯ ಉಕ್ಕು. ಅದಕ್ಕೇ ಕೆಲವರಿಗೆ ಅದರ ಮೇಲೆ ಆಸೆ.

ಗುಜರಿ ಹೆಕ್ಕುವ ಅಕ್ಕಂದಿರು ಇದನ್ನು ಗಟ್ಟಿಯಾಗಿ ಓದಿ. ಹಳಿಯ ಬದಿಯಲ್ಲಿ ತುಕ್ಕು ಹಿಡಿದು ಬಿದ್ದದ್ದೂ ರೈಲ್ವೆಯ ಸೊತ್ತೇ. 1966ರ ಒಂದು ಕಾನೂನು ಇದೆ. ಕಳವಿನದು ಅಥವಾ ಮೋಸದಿಂದ ಬಂದದ್ದು ಅಂತ ಸಂಶಯ ಇರುವ ರೈಲ್ವೆ ಸಾಮಾನು ನಮ್ಮ ಹತ್ತಿರ ಸಿಕ್ಕಿದರೆ, ಅದು ನ್ಯಾಯವಾಗಿ ಬಂತು ಅಂತ ನಾವೇ ತೋರಿಸಬೇಕು. ತೋರಿಸಲು ಆಗದಿದ್ದರೆ 5 ವರ್ಷದ ತನಕ ಜೈಲು ಆಗಬಹುದು, ದಂಡ ಆಗಬಹುದು, ಎರಡೂ ಆಗಬಹುದು. "ಬಿದ್ದದ್ದು ಹೆಕ್ಕಿದೆ" ಅಂದರೆ ಸಾಲದು. ಇನ್ನು ಹಳಿಯಲ್ಲಿ ಇರುವ ಕ್ಲಿಪ್ಪು ಕಿತ್ತರೆ ರೈಲೇ ಹಳಿ ತಪ್ಪಬಹುದು. ಆ ರೈಲಿನಲ್ಲಿ ನಮ್ಮ ಮಕ್ಕಳೇ ಇರಬಹುದು. ರೈಲ್ವೆಯ ಹಳೆ ಕಬ್ಬಿಣ ಹರಾಜಿನಲ್ಲಿ ಮಾರಾಟ ಆಗುತ್ತದೆ. ಕೊಂಡವರ ಹತ್ತಿರ ಕಾಗದ ಇರುತ್ತದೆ. ಯಾರಾದರೂ ಅಂತಹ ಕಬ್ಬಿಣ ಮಾರಲು ಬಂದರೆ ಮೊದಲು ಕಾಗದ ಕೇಳಿ, ಓದಿ.

ನಮಗೆ ಲಾರಿ ಪಟ್ಟಿ ಸಾಕು. ಗುಜರಿಯಲ್ಲಿ ಸಿಗುತ್ತದೆ. ಬಿರುಕು ಬಿಟ್ಟದ್ದು ಬೇಡ.

ಆಚಾರ್ರು ಕೊಡಲಿಯನ್ನು ಪೂರಾ ಉಕ್ಕಿನಲ್ಲೇ ಮಾಡಬೇಕೆಂದಿಲ್ಲ. ಮೈಗೆ ಮೆದು ಕಬ್ಬಿಣ, ಬಾಯಿಗೆ ಉಕ್ಕು. ಮೆದು ಪಟ್ಟಿಯನ್ನು ಮಡಚಿ, ಮಡಚಿದ ಕಡೆ ಕಾವಿನ ತೂತು ಬಿಡುತ್ತಾರೆ. ಬಾಯಿಯ ಕಡೆ ಎರಡು ಪದರದ ನಡುವೆ ಲಾರಿ ಪಟ್ಟಿಯ ತುಂಡು ಇಡುತ್ತಾರೆ. ಕುಲುಮೆಯಲ್ಲಿ ಬಿಳಿ ಕಾವು ಬರುವ ತನಕ ಕಾಯಿಸಿ ಬಡಿದರೆ ಮೂರೂ ಒಂದಾಗುತ್ತವೆ. ಮೈ ಪೆಟ್ಟು ತಾಳುತ್ತದೆ, ಬಾಯಿ ಹರಿತ ತಾಳುತ್ತದೆ. ತಿದಿ ಒತ್ತುವ ಕೆಲಸ ತುಂಬ ಕಡೆ ಮನೆಯ ಹೆಂಗಸರದ್ದೇ. ಹಾಗಾಗಿ ಒಂದು ಮಾತು: ಸತುವಿನ ಲೇಪ ಇರುವ ಕಬ್ಬಿಣವನ್ನು, ಅಂದರೆ ನೀರಿನ ಜಿ.ಐ. ಪೈಪು, ತಗಡು, ಬೆಂಕಿಗೆ ಹಾಕಲು ಬಿಡಬೇಡಿ. ಆ ಹೊಗೆ ಕುಡಿದರೆ ಚಳಿ ಜ್ವರ ಬರುತ್ತದೆ.

ಇನ್ನು ಹದ. ನನ್ನ ಲೆಕ್ಕದಲ್ಲಿ ಕೆಲಸದ ಜೀವ ಇರುವುದು ಇಲ್ಲಿಯೇ. ಬಾಯಿಯನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಲಾರಿ ಪಟ್ಟಿಗೆ ನೀರಿಗಿಂತ ಎಣ್ಣೆ ಒಳ್ಳೆಯದು. ತಣ್ಣೀರಿನಲ್ಲಿ ಬಿರುಕು ಬಿಡುವ ಹೆದರಿಕೆ ಇದೆ. ಅದ್ದಿದ ಮೇಲೆ ಉಕ್ಕು ಗಾಜಿನ ಹಾಗೆ. ಗಟ್ಟಿ, ಆದರೆ ಹೊಡೆದರೆ ಚಕ್ಕೆ ಹಾರುತ್ತದೆ. ಆದ್ದರಿಂದ ಬಾಯಿಯನ್ನು ಉಜ್ಜಿ ಹೊಳಪು ಮಾಡಿ, ಮತ್ತೆ ನಿಧಾನ ಬಿಸಿ ಕೊಡುತ್ತಾರೆ. ಆಗ ಕಾಣಿ, ಬಣ್ಣ ಓಡುತ್ತದೆ! ಮೊದಲು ಬೈಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಕೊಡಲಿಗೆ ಕಂದು ದಾಟಿ ನೇರಳೆ ಬರುವಾಗ ನಿಲ್ಲಿಸಬೇಕು. ನೀಲಿಯೂ ದಾಟಿ ಹೋದರೆ ಬಾಯಿ ಮೆದು ಆಗುತ್ತದೆ. ಆಚಾರ್ರು ಅದನ್ನು ಕಣ್ಣಿನಲ್ಲೇ ಅಳೆಯುತ್ತಾರೆ. ಮಬ್ಬು ಬೆಳಕು ಇದ್ದರೆ ಕಾವಿನ ಬಣ್ಣ ಚೆನ್ನಾಗಿ ಗೊತ್ತಾಗುತ್ತದೆ. ಕಮ್ಮಾರಸಾಲೆ ಒಳಗೆ ಕತ್ತಲೆ ಇರುವುದು ಸುಮ್ಮನೆ ಅಲ್ಲ.

ಈ ಹದ ಮನೆಯಲ್ಲಿ ಹಾಳಾಗುವುದೂ ಉಂಟು. ಕಾವು ಮುರಿದು ತುಂಡು ತೂತಿನಲ್ಲಿ ಸಿಕ್ಕಿಕೊಂಡರೆ ಕೊಡಲಿಯನ್ನೇ ಒಲೆಗೆ ಹಾಕಿ ಸುಡುವವರಿದ್ದಾರೆ. ತುಂಡೇನೋ ಹೋಗುತ್ತದೆ, ಜೊತೆಗೆ ಹದವೂ ಹೋಗುತ್ತದೆ. ಮೊಳೆ ಇಟ್ಟು ಬಡಿದು ತುಂಡನ್ನು ಹೊರಗೆ ತೆಗೆಯಿರಿ. ಸಾಣೆ ಯಂತ್ರಕ್ಕೆ ಕೊಟ್ಟರೆ ಹತ್ತಿರ ನಿಂತು ನೋಡಿ. ಬಾಯಿ ನೀಲಿ ಆಗಲು ಶುರುವಾದರೆ ನಿಲ್ಲಿಸಲು ಹೇಳಿ, ನೀರಿಗೆ ಅದ್ದಿ ಅದ್ದಿ ಮಸೆಯಲಿ.

ಕಾವಿಗೆ ಹುಣಸೆ ಮರ ಒಳ್ಳೆಯದು. ಚೆನ್ನಾಗಿ ಒಣಗಿರಬೇಕು. ಹಸಿ ಕಾವು ಒಣಗಿದಾಗ ಸಣ್ಣದಾಗುತ್ತದೆ, ಕೊಡಲಿ ಕಳಚಿ ಹಾರುತ್ತದೆ. ಕಾವಿನ ತಲೆಗೆ ಬೆಣೆ ಹೊಡೆಸಿ. ಸೌದಿ ಒಡೆಯುವ ಮೊದಲು ದಿನಾ ಒಮ್ಮೆ ಕೊಡಲಿ ಅಲುಗಾಡಿಸಿ ನೋಡಿ.